ಅಕ್ಕನ ಹೆಸರು ಇಬ್ಬನಿ, ಮುಂದಿನ ಮಗುವಿಗೆ ಏನಿಡೋಣ?

ಪ್ರಶ್ನೆ: ಮೇಡಂ, ನಮ್ಮ ಊರು ತೀರ್ಥಹಳ್ಳಿ ಹತ್ತಿರ, ಈಗ ಇರುವುದು ಬೆಂಗಳೂರಿನಲ್ಲಿ. ಮಗಳಿಗೆ ನಾಲ್ಕು ವರ್ಷ, ಹೆಸರು ಇಬ್ಬನಿ. ಅವಳು ಹುಟ್ಟಿದಾಗ ಕೃತ್ತಿಕಾ ನಕ್ಷತ್ರ ಎರಡನೇ ಪಾದ ಬಂದು 'ಇ' ಅಕ್ಷರ ಸಿಕ್ಕಿತು, ಹಾಗಾಗಿ ಅತ್ತೆಯವರೂ ಒಪ್ಪಿದರು. ಈಗ ನನಗೆ ಏಳು ತಿಂಗಳು. ಈ ಮಗುವಿಗೂ ಅಪರೂಪದ ಹೆಸರೇ ಇಡಬೇಕು, ಅದು ಇಬ್ಬನಿಗೆ ಹೊಂದಬೇಕು ಅಂತ ನಮ್ಮಿಬ್ಬರ ಆಸೆ. ಆದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹೆಣ್ಣಾದರೆ ಇಂಚರ ಅಂತಿಡಿ, ಎರಡೂ 'ಇ' ಆಗುತ್ತೆ ಎನ್ನುತ್ತಾಳೆ ತಂಗಿ. ಗಂಡಾದರೆ ನೇಸರ ಎನ್ನುವುದು ನಮ್ಮೆಜಮಾನರ ಹಟ. ನನಗೆ ಸೋನೆ ಇಷ್ಟ. ನಮ್ಮಮ್ಮ ಮಾತ್ರ 'ಒಂದಕ್ಕೆ ಹಾಗಿಟ್ಟಿದ್ದು ಸಾಕು, ಇದಕ್ಕಾದರೂ ತನ್ವಿ ಅಂತ ಇಡ್ರೇ' ಅನ್ನುತ್ತಾರೆ. ಅತ್ತೆಯವರು 'ನಕ್ಷತ್ರ ಬರಲಿ, ಆಮೇಲೆ ನೋಡೋಣ' ಎಂದು ಕೂತಿದ್ದಾರೆ. ಏನು ಮಾಡಲಿ?

ಉತ್ತರ: ಸಲಹೆ ಕೇಳುವ ಮೊದಲು ಸಲಹೆ ಕೊಡುವವಳ ಹೆಸರಿನ ಕಥೆ ಕೇಳಿಬಿಡಿ. ನಮ್ಮಪ್ಪನಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳು ಶಶಿಕಲಾ. ಎರಡನೆಯವಳು ಬಂದಾಗ, ಹೊಂದಲಿ ಎಂದು ಚಂದ್ರಕಲಾ ಎಂದಿಟ್ಟರು. ಶಶಿ ಅಂದರೂ ಚಂದ್ರನೇ. ಅಲ್ಲಿಗೆ ಇಬ್ಬರಿಗೂ ಇಟ್ಟಿದ್ದು ಒಂದೇ ಹೆಸರು! ನಾನು ಹುಟ್ಟುವ ಹೊತ್ತಿಗೆ ಅಪ್ಪನ ಹತ್ತಿರ ಚಂದ್ರ ಖಾಲಿಯಾಗಿದ್ದ, 'ಕಲಾ' ಒಂದು ಉಳಿದಿತ್ತು. ಹಾಗಾಗಿ ನಾನು ಚಿತ್ರಕಲಾ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಹಾಜರಿ ಕೂಗುವಾಗಲೆಲ್ಲ ನಗುತ್ತಿದ್ದರು. ನಾನೋ, ಮಾವಿನಕಾಯಿ ಬರೆದರೂ ಬದನೆಕಾಯಿ ಆಗುತ್ತಿತ್ತು. ಮನೆಯಲ್ಲಿ ಅಪ್ಪ 'ಕಲಾ' ಎಂದು ಕೂಗಿದರೆ ಒಂದೋ ಮೂವರೂ ಓಡಿ ಬರುತ್ತಿದ್ದೆವು, ಇಲ್ಲವೇ ಕೆಲಸದ ವಾಸನೆ ಬಡಿದು ಒಬ್ಬರೂ ಅಲ್ಲಾಡುತ್ತಿರಲಿಲ್ಲ. ಅಕ್ಕತಂಗಿಯರ ಹೆಸರು ಹೊಂದಿಸಲು ಹೋದರೆ ಏನಾಗುತ್ತೆ ಎನ್ನುವುದಕ್ಕೆ ನಾನೇ ಸಾಕ್ಷಿ. ಆಮೇಲೆ ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದೆ. ಅಷ್ಟು ವರ್ಷದ ಹಾಜರಿ ಪುಸ್ತಕ ಕೂಗಿದ ಬಾಯಿ ಇದು. ಯಾವ ಹೆಸರು ತರಗತಿಯಲ್ಲಿ ಸಲೀಸಾಗಿ ನಡೆಯುತ್ತೆ, ಯಾವುದು ಎಡವುತ್ತೆ ಅಂತ ಅಲ್ಲಿ ಕಲಿತಿದ್ದೇ ಜಾಸ್ತಿ.

ಈಗ ನಿಮ್ಮ ವಿಷಯ. 'ಇಬ್ಬನಿಗೆ ಹೊಂದಬೇಕು' ಅಂದಿರಿ. ಇಬ್ಬನಿಯಲ್ಲಿರುವ ಯಾವುದಕ್ಕೆ? ನಿಮ್ಮ ತಂಗಿ ಅಕ್ಷರ ಹಿಡಿದುಕೊಂಡಿದ್ದಾಳೆ. ಯಜಮಾನರು ಅರ್ಥ ಹಿಡಿದಿದ್ದಾರೆ. ನಾನಾದರೆ ಇನ್ನೊಂದು ಹಿಡಿಯುತ್ತೇನೆ.

ಇಬ್ಬನಿ ಎನ್ನುವ ಮಾತು ಕನ್ನಡ ಬಲ್ಲ ಎಲ್ಲರಿಗೂ ಗೊತ್ತು. ಬೆಳಗ್ಗೆ ತೋಟಕ್ಕೆ ಹೋದರೆ ಕಾಲಿಗೆ ತಾಗುತ್ತೆ. ಆದರೆ ಅದು ಮಗುವಿನ ಹೆಸರಾಗಿ ಕಿವಿಗೆ ಬೀಳುವುದು ಅಪರೂಪ. ಮಾತು ಹಳೆಯದು, ಹೆಸರು ಹೊಸದು. ನಿಮ್ಮ ಮಗಳು ಯಾರಿಗೂ ತನ್ನ ಹೆಸರಿನ ಅರ್ಥ ವಿವರಿಸಬೇಕಾಗಿಲ್ಲ. ಒಮ್ಮೆ ಕೇಳಿದವರು ಮರೆಯುವುದೂ ಇಲ್ಲ. ಅಪರೂಪದ ಹೆಸರುಗಳಲ್ಲಿ ಇದು ಒಂದು ಜಾತಿ. ಇನ್ನೊಂದು ಜಾತಿ ಇದೆ: ಯಾರಿಗೂ ಗೊತ್ತಿಲ್ಲದ ಪದವನ್ನು ನಿಘಂಟಿನಿಂದ ಎಬ್ಬಿಸಿ ತರುವುದು. ಹಳಗನ್ನಡದಲ್ಲಿ ಗಾಳಿಗೆ ಎಲರ್ ಎನ್ನುತ್ತಾರೆ. ಚೆಂದದ ಮಾತು. ಮಗುವಿಗೆ ಎಲರು ಅಂತ ಇಟ್ಟರೆ ಅದು ಸಾಯುವ ತನಕ 'ಎಲರು ಅಂದರೆ ಗಾಳಿ, ಹಳಗನ್ನಡ' ಎಂದು ಹೇಳುತ್ತಲೇ ಇರಬೇಕು. ಮೂರನೆಯ ಜಾತಿ, ಅಕ್ಷರ ಕಲಸಿ ಮಾಡಿದ ಹೆಸರುಗಳು. ಅಪ್ಪನ ಮೊದಲಕ್ಷರ, ಅಮ್ಮನ ಕೊನೆಯಕ್ಷರ ಸೇರಿಸಿ, ನೆಟ್‌ನಲ್ಲಿ ಸಿಕ್ಕ 'ಸಂಸ್ಕೃತದಲ್ಲಿ ದೇವರ ವರ' ಎನ್ನುವ ಅರ್ಥ ಅಂಟಿಸಿದವು. ಅವುಗಳ ಬಗ್ಗೆ ಮಾತು ಬೇಡ.

ನಿಮ್ಮ ಎರಡನೆಯ ಮಗುವಿನ ಹೆಸರು ಮೊದಲ ಜಾತಿಯದೇ ಆಗಿರಲಿ. ಗೊತ್ತಿರುವ ಮಾತು, ಹೆಸರಾಗಿ ಅಪರೂಪ. ಹಾಗಿದ್ದರೆ ಅಕ್ಷರ, ಪ್ರಾಸ ಯಾವುದೂ ಕೂಡದಿದ್ದರೂ ಇಬ್ಬರೂ ಒಂದೇ ಮನೆಯ ಮಕ್ಕಳು ಅಂತ ಕೇಳಿದವರಿಗೆ ತಿಳಿಯುತ್ತೆ.

ಇದು ನಾನು ಹೊಸದಾಗಿ ಕಂಡುಹಿಡಿದಿದ್ದೇನಲ್ಲ. ಲವ ಕುಶರ ಹೆಸರು ನೋಡಿ. ರಾಮಾಯಣದ ಉತ್ತರಕಾಂಡದಲ್ಲಿ ಆ ಕಥೆ ಬರುತ್ತೆ. ಮಕ್ಕಳು ಹುಟ್ಟಿದ ರಾತ್ರಿ ವಾಲ್ಮೀಕಿ ಒಂದು ಹಿಡಿ ದರ್ಭೆ ತಂದು, ಮೇಲಿನ ಭಾಗದಿಂದ ಮೊದಲು ಹುಟ್ಟಿದವನನ್ನೂ ಬುಡದ ಭಾಗದಿಂದ ಎರಡನೆಯವನನ್ನೂ ಸವರಲು ಹೇಳುತ್ತಾರೆ. ಮೇಲಿನದು ಕುಶ, ಕೆಳಗಿನದು ಲವ. ನಾವು ಬಾಯಿಗೆ ಸುಲಭ ಅಂತ ಲವ-ಕುಶ ಅಂದರೂ ದೊಡ್ಡವನು ಕುಶ. ಎರಡು ಹೆಸರಲ್ಲಿ ಒಂದೇ ಒಂದು ಅಕ್ಷರ ಕೂಡುವುದಿಲ್ಲ, ಆದರೆ ಒಂದೇ ಹುಲ್ಲಿನ ಎರಡು ತುಂಡು. ಇದಕ್ಕಿಂತ ಒಳ್ಳೆಯ ಅಣ್ಣತಮ್ಮರ ಹೆಸರು ನಾನು ಕಂಡಿಲ್ಲ.

ಕವಿ ರನ್ನ ತನ್ನ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಒಂದು ಎರಡಕ್ಷರ, ಇನ್ನೊಂದು ನಾಲ್ಕಕ್ಷರ. ಎತ್ತಣಿಂದೆತ್ತ ಅನ್ನಿಸುತ್ತೆ, ಅಲ್ವಾ? ಆದರೆ ಬಳೆಗಾರರ ಮನೆಯ ಆ ಹುಡುಗನನ್ನು ಕೈಹಿಡಿದು ಮೇಲೆ ತಂದವರು ಇಬ್ಬರು, ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆ. ಮಕ್ಕಳ ಹೆಸರಿನಲ್ಲಿ ಅವನು ಇಬ್ಬರ ಋಣವನ್ನೂ ಇಟ್ಟುಕೊಂಡ. ಅದೇ ಅತ್ತಿಮಬ್ಬೆಯ ತಂಗಿಯ ಹೆಸರು ಗುಂಡಮಬ್ಬೆ. ಅಲ್ಲಿ ಬಾಲ ಒಂದೇ, ಆ ಕಾಲದಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಅಬ್ಬೆ ಸೇರಿಸುವುದು ವಾಡಿಕೆ. ಪಂಪನ ತಮ್ಮ ಜಿನವಲ್ಲಭ, ಅಲ್ಲಿ ಯಾವ ಹೊಂದಾಣಿಕೆಯೂ ಇಲ್ಲ. ವಿಜಯನಗರ ಕಟ್ಟಿದ ಸಂಗಮನ ಮಕ್ಕಳನ್ನು ನೋಡಿ: ಹರಿಹರ, ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ. ಯಾರೂ ಪ್ರಾಸ ನೋಡಿದ ಹಾಗೆ ಕಾಣುವುದಿಲ್ಲ, ಐದು ಜನರ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ.

ನಿಮ್ಮ ತಾಲ್ಲೂಕಿನವರೇ ಆದ ಕುವೆಂಪು ಅವರ ಮಕ್ಕಳ ಹೆಸರು ನಿಮಗೆ ಗೊತ್ತೇ ಇರುತ್ತೆ. ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಕೋಕಿಲೋದಯ ಚೈತ್ರ! ಒಬ್ಬ ಹುಡುಗನ ಹೆಸರಿನಲ್ಲಿ ಒಂದಿಡೀ ವಸಂತಕಾಲ. ನಾಲ್ಕರಲ್ಲಿ ಯಾವುದಕ್ಕೂ ಯಾವುದೂ ಪ್ರಾಸವಲ್ಲ, ಆದರೂ ಇಟ್ಟವರು ಒಬ್ಬರೇ ಎಂದು ಗೊತ್ತಾಗುತ್ತೆ. ಹಾಗೇ ಇನ್ನೊಂದನ್ನೂ ಗಮನಿಸಿ. ಪೂರ್ಣಚಂದ್ರ ತೇಜಸ್ವಿ ನಾಡಿಗೆಲ್ಲ ಬರೀ ತೇಜಸ್ವಿ ಆದರು. ಉದ್ದದ ಹೆಸರನ್ನು ಜನ ತಾವೇ ಕತ್ತರಿಸಿಕೊಳ್ಳುತ್ತಾರೆ, ಯಾವ ಕಡೆ ಕತ್ತರಿಸುತ್ತಾರೆ ಎನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಇನ್ನು ಒಂದೊಂದಾಗಿ ನಿಮ್ಮ ಹೆಸರುಗಳಿಗೆ ಬರುತ್ತೇನೆ.

ತನ್ವಿ. ಅಮ್ಮನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ, ಅವರು ಹೇಳುವುದರಲ್ಲಿ ಒಂದು ಕಾಳಜಿ ಇದೆ. ಶಾಲೆಯಲ್ಲಿ ಮಗು ಬೇರೆಯಾಗಿ ಕಾಣಬಾರದು ಎನ್ನುವ ಕಾಳಜಿ. ತನ್ವಿ ಕೆಟ್ಟ ಹೆಸರೂ ಅಲ್ಲ, ತೆಳ್ಳಗಿನ ಚೆಲುವೆ ಎಂದರ್ಥ, ಮೇಘದೂತದಲ್ಲಿ ಯಕ್ಷನ ಹೆಂಡತಿಯ ವರ್ಣನೆ ಶುರುವಾಗುವುದೇ ಆ ಪದದಿಂದ. ತೊಂದರೆ ಇರುವುದು ಪಕ್ಕದಲ್ಲಿ ಇಬ್ಬನಿ ನಿಂತಾಗ. ಒಂದು ಅಂಗಳದ ಮಾತು, ಇನ್ನೊಂದು ಕಾವ್ಯದ ಮಾತು. ಒಂದು ಅಪರೂಪ, ಇನ್ನೊಂದು ಪ್ರತಿ ತರಗತಿಯಲ್ಲೂ ಒಬ್ಬರು. ಇದರ ಬಿಸಿ ತಟ್ಟುವುದು ಚಿಕ್ಕದಕ್ಕಲ್ಲ, ದೊಡ್ಡವಳಿಗೆ. 'ತಂಗಿಗೆ ಮಾತ್ರ ಎಲ್ಲರ ಹಾಗೆ ಇಟ್ಟಿರಿ, ನನಗ್ಯಾಕೆ ಹೀಗೆ?' ಎಂದು ಒಂದು ದಿನ ಕೇಳುತ್ತಾಳೆ. ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಒಂದು ಮಗುವಿಗೆ ಅಪರೂಪದ ಹೆಸರಿಟ್ಟ ಮೇಲೆ ಎರಡನೆಯದಕ್ಕೂ ಇಡುವುದು ಒಂಥರಾ ಸಾಲ ತೀರಿಸಿದ ಹಾಗೆ.

ಇಂಚರ. ಒಳ್ಳೆಯ ಕನ್ನಡ ಪದ, ಇನಿದಾದ ಸರ, ಅಂದರೆ ಸಿಹಿಯಾದ ದನಿ. ಗೊತ್ತಿರುವ ಮಾತು ಎನ್ನುವ ಪರೀಕ್ಷೆಯಲ್ಲಿ ಪಾಸು. ಹೆಸರಾಗಿ ಈಗ ಅಷ್ಟೊಂದು ಅಪರೂಪವಲ್ಲ, ಅದಿರಲಿ. ನನ್ನ ಆಕ್ಷೇಪ ಇರುವುದು 'ಇ' ಮೇಲೆ. ಒಂದೇ ಅಕ್ಷರ, ಒಂದೇ ತಂದೆಯ ಇನಿಷಿಯಲ್, ಒಂದೇ ಮನೆ ವಿಳಾಸ. ಬ್ಯಾಂಕು, ಲ್ಯಾಬ್ ರಿಪೋರ್ಟು, ಶಾಲೆಯ ಫೀಸು ರಸೀದಿ, ಎಲ್ಲ ಕಡೆ ಗೊಂದಲ. ಜೊತೆಗೆ ನಿಮ್ಮದೇ ಬಾಯಿ. ಅವಸರದಲ್ಲಿ ಒಂದು ಮಗುವನ್ನು ಕರೆಯಲು ಹೋಗಿ ಇನ್ನೊಂದರ ಹೆಸರು ಬರುವುದು ಎಲ್ಲ ಅಮ್ಮಂದಿರಿಗೂ ಆಗುತ್ತೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1,700ಕ್ಕೂ ಹೆಚ್ಚು ಜನರನ್ನು ಕೇಳಿ 2016ರಲ್ಲಿ ಈ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನಾವು ಹೆಸರು ತಪ್ಪುವುದು ಮನೆಯವರ ನಡುವೆಯೇ, ಸ್ನೇಹಿತರಾದರೆ ಸ್ನೇಹಿತರ ನಡುವೆಯೇ. ಎರಡು ಹೆಸರಿನ ಶುರುವೋ ಕೊನೆಯೋ ಒಂದೇ ಥರ ಇದ್ದರೆ ತಪ್ಪುವುದು ಇನ್ನೂ ಸುಲಭ. ಇನ್ನೊಂದು ಮಜಾ ಎಂದರೆ ಮಕ್ಕಳನ್ನು ಕರೆಯಲು ಹೋಗಿ ನಾಯಿಯ ಹೆಸರು ಹೇಳಿದವರೂ ಅದರಲ್ಲಿದ್ದರು, ನಾಯಿಯೂ ಮನೆಯವರ ಲೆಕ್ಕಕ್ಕೇ ಸೇರಿರುತ್ತೆ. ನಮ್ಮಪ್ಪ ಶಶಿಕಲಾ, ಚಂದ್ರಕಲಾ ಎಲ್ಲ ಮುಗಿಸಿ, ನಮ್ಮ ಟೈಗರ್‌ನನ್ನೂ ಕರೆದು ಕೊನೆಗೆ ನನ್ನ ಹತ್ತಿರ ಬರುತ್ತಿದ್ದರು. ಅಪ್ಪನಿಗೆ ಮರೆವು ಅಂದುಕೊಂಡಿದ್ದೆ.

ನೇಸರ. ಇಲ್ಲಿ ಮಾತ್ರ ಗಟ್ಟಿಯಾಗಿ ಬೇಡ ಎನ್ನುತ್ತೇನೆ. ನೇಸರ ಎಂದರೆ ಸೂರ್ಯ. ಹೆಸರು ಬಹಳ ಚೆನ್ನಾಗಿದೆ, ಬೇರೆ ಮನೆಯಲ್ಲಾಗಿದ್ದರೆ ನಾನೇ ಹೇಳುತ್ತಿದ್ದೆ. ಆದರೆ ನೇಸರ ಮೂಡಿದರೆ ಇಬ್ಬನಿ ಏನಾಗುತ್ತೆ? ಆರಿಹೋಗುತ್ತೆ. ಮನೆಗೆ ಬಂದ ಯಾರೋ ಒಬ್ಬರು ಇದನ್ನು ತಮಾಷೆಗೆ ಹೇಳಿಯೇ ಹೇಳುತ್ತಾರೆ. 'ತಮ್ಮ ಹುಟ್ಟಿದ, ನಿನ್ನ ಕಥೆ ಮುಗೀತು ನೋಡು' ಅಂತ. ನಾಲ್ಕು ವರ್ಷದ ಮಗುವಿಗೆ ಮೊದಲೇ ಆ ಹೆದರಿಕೆ ಇರುತ್ತೆ, ಅದಕ್ಕೆ ಹೆಸರಿನ ಸಾಕ್ಷಿ ಬೇರೆ ಬೇಡ. ಪ್ರಕೃತಿಯ ಪದಗಳನ್ನು ಇಡುವವರು ಇದೊಂದನ್ನು ಮರೆಯುತ್ತಾರೆ. ಪದಗಳು ಒಂದಕ್ಕೊಂದು ಏನು ಮಾಡುತ್ತವೆ ಎಂದು ನೋಡುವುದಿಲ್ಲ. ಹಾಗೆಯೇ ಹನಿ ಎಂದೂ ಇಡಬೇಡಿ, ಅದು ನಮ್ಮಪ್ಪ ಮಾಡಿದ ಕೆಲಸ ಆಗುತ್ತೆ, ಒಂದೇ ಅರ್ಥಕ್ಕೆ ಎರಡು ಮಕ್ಕಳು. ಮುಂಗಾರು, ಹಿಂಗಾರು ಎಂದೂ ಬೇಡ, ಅದು ಹವಾಮಾನ ವರದಿ.

ಸೋನೆ. ನಿಮ್ಮ ಆಯ್ಕೆ ಅಂತ ಮೆಚ್ಚಿಕೊಳ್ಳುತ್ತಿಲ್ಲ, ಮಲೆನಾಡಿನವರಿಗೆ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ. ಬಿಡದೆ ಮೆಲ್ಲಗೆ ಸುರಿಯುವ ಆ ಮಳೆ, ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ, ಎಲ್ಲ ಆ ಎರಡಕ್ಷರದಲ್ಲಿದೆ. ಇಬ್ಬನಿಯ ಜೊತೆ ಅರ್ಥವೂ ಜಗಳವಾಡುವುದಿಲ್ಲ. ಆದರೆ ಹಾಜರಿ ಪುಸ್ತಕದ ಕಣ್ಣಿನಿಂದ ನೋಡೋಣ. ಕನ್ನಡದಲ್ಲಿ ದೀರ್ಘ ಹೋದರೆ ಸೊನೆ, ಮಾವಿನಕಾಯಿ ತೊಟ್ಟಿನಿಂದ ಸುರಿದು ತುಟಿ ಸುಡುವ ಅದೇ. ಒತ್ತು ಬಿದ್ದರೆ ಸೊನ್ನೆ. ಗಣಿತದ ಟೆಸ್ಟ್ ಆದ ದಿನ ತರಗತಿಯಲ್ಲಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಎಸ್, ಒ, ಎನ್, ಇ ಎಂದು ಬರೆದರೆ ಅರ್ಧ ಜನ ಸೋನ್ ಎಂದು ಓದುತ್ತಾರೆ. ಹಿಂದಿಯವರಿಗೆ ಅದು ಚಿನ್ನ, ಇಲ್ಲವೇ ನಿದ್ದೆ ಮಾಡುವುದು. ಬೆಂಗಳೂರಿನಲ್ಲಿ ಬೆಳೆಯುವ ಮಗುವಿಗೆ ಇದೆಲ್ಲ ದಿನಾ ಎದುರಾಗುತ್ತೆ. ಇಷ್ಟೆಲ್ಲ ಇದ್ದೂ ಮನಸ್ಸು ಬಿಡದಿದ್ದರೆ ಮನೆಯಲ್ಲಿ ಕರೆಯುವ ಹೆಸರಾಗಿ ಇಟ್ಟುಕೊಳ್ಳಿ. ಅಲ್ಲಿ ಸ್ಪೆಲಿಂಗ್ ಕೇಳುವವರು ಯಾರೂ ಇರುವುದಿಲ್ಲ.

ಹಾಗಾದರೆ ನಾನು ಏನು ಹೇಳುತ್ತೇನೆ? ಹೆಣ್ಣಾದರೆ ಮೊದಲು ಮನಸ್ಸಿಗೆ ಬಂದಿದ್ದು ಬೆಳ್ಳಿ. ಬೆಳಗಿನ ಜಾವ ಮೂಡುವ ಬೆಳ್ಳಿ ಚುಕ್ಕಿ. ಇಬ್ಬನಿ ಬೀಳುವ ಹೊತ್ತೂ ಅದೇ. ಬೆಳ್ಳಿಯಪ್ಪ, ಬೆಳ್ಳಮ್ಮ ಎನ್ನುವ ಹಳೆಯ ಹೆಸರುಗಳಿವೆ, ಹಾಗಾಗಿ ಅಜ್ಜಿಯರಿಗೂ ಒಪ್ಪಿಗೆಯಾಗುತ್ತೆ. ಎರಡು ದಿನ ಅದೇ ಖುಷಿಯಲ್ಲಿದ್ದೆ. ಆಮೇಲೆ ಇಂಗ್ಲಿಷ್ ಮೀಡಿಯಂ ಮಕ್ಕಳ ಬಾಯಲ್ಲಿ ಹೇಳಿ ನೋಡಿದೆ. ಹೊಟ್ಟೆ! ಅಲ್ಲಿಗೆ ಬಿಟ್ಟೆ. ಹೊಟ್ಟೆಯುರಿ ಇನ್ನೂ ಇದೆ. ಸಿರಿಯ ಕಥೆಯೂ ಹೀಗೇ ಆಯಿತು. ಎಷ್ಟು ಹಳೆಯ, ಎಷ್ಟು ಮುದ್ದಾದ ಹೆಸರು, ತುಳುನಾಡಿನಲ್ಲಂತೂ ಆ ಹೆಸರಿನ ಪಾಡ್ದನವೇ ಇದೆ. 2011ರಲ್ಲಿ ಆ್ಯಪಲ್‌ನವರು ಅದೇ ಹೆಸರನ್ನು ಫೋನಿಗಿಟ್ಟರು. ಈಗ ಸಿರಿ ಎನ್ನುವ ಮಕ್ಕಳನ್ನು ಕರೆದರೆ ಮೇಜಿನ ಮೇಲಿನ ಫೋನು ಓಗೊಡುತ್ತೆ.

ಕೊನೆಗೆ ನನಗೆ ಗಟ್ಟಿಯಾಗಿ ನಿಂತಿದ್ದು ಹೊನಲು. ತೊರೆ, ಹರಿಯುವ ನೀರು. ಪದ ಗೊತ್ತಿಲ್ಲ ಎನ್ನುವವರು ಯಾರೂ ಸಿಗುವುದಿಲ್ಲ, ಊರೂರಿನಲ್ಲಿ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಎಂದು ಬ್ಯಾನರ್ ಕಟ್ಟಿರುತ್ತಾರಲ್ಲ, ಅದೇ ಹೊನಲು. ಹೆಸರಾಗಿ ಬಲು ಅಪರೂಪ. ಇಬ್ಬನಿ ಮೂರಕ್ಷರ, ಹೊನಲು ಮೂರಕ್ಷರ. ಎರಡೂ ನೀರು, ಆದರೆ ಒಂದು ಎಲೆಯ ಮೇಲೆ ಕೂತಿರುತ್ತೆ, ಇನ್ನೊಂದು ಕೂರುವುದೇ ಇಲ್ಲ. ಶುರುವಿನ ಅಕ್ಷರ ಬೇರೆ, ಕೊನೆ ಬೇರೆ, ಹಾಗಾಗಿ ನಿಮ್ಮ ಬಾಯಿ ತಪ್ಪುವುದೂ ಕಡಿಮೆ. ಮುದ್ದಿಗೆ ಹೊನ್ನಿ ಅನ್ನಬಹುದು, ಹೊನ್ನು ಅನ್ನಬಹುದು. ಒಬ್ಬಿಬ್ಬರು 'ಹೊನಲು ಬೆಳಕು' ಅಂತ ಛೇಡಿಸುತ್ತಾರೆ. ಅಷ್ಟು ಪರವಾಗಿಲ್ಲ.

ಗಂಡಾದರೆ ಮುಗಿಲು. ನಿಮ್ಮ ಕಡೆ ಮೋಡ ಎನ್ನುವ ಅರ್ಥ, ಉತ್ತರ ಕರ್ನಾಟಕದ ಕಡೆ ಆಕಾಶಕ್ಕೇ ಮುಗಿಲು ಅನ್ನುತ್ತಾರೆ. ತಮಿಳಿನಲ್ಲಿ ಮುಗಿಲ್ ಎನ್ನುವ ಹುಡುಗರು ಇದ್ದಾರೆ, ಆದ್ದರಿಂದ ಬೆಂಗಳೂರಿನ ಕಿವಿಗೂ ತೀರಾ ಹೊಸದಾಗದು. ಗಂಡುಮಕ್ಕಳಿಗೆ ಇಂಥ ಹೆಸರಿಡಲು ಜನ ಹಿಂಜರಿಯುತ್ತಾರೆ ಎನ್ನುವುದು ನಿಜ. ಇಬ್ಬನಿ, ಮುಗಿಲು ಎಲ್ಲ ನಮ್ಮ ವ್ಯಾಕರಣದಲ್ಲಿ ನಪುಂಸಕಲಿಂಗ. ಹಿಂದಿನವರು ಇದಕ್ಕೆ ಸುಲಭದ ದಾರಿ ಮಾಡಿಕೊಂಡಿದ್ದರು. ಯಾವ ಪದಕ್ಕಾದರೂ ಅಪ್ಪ, ಅಮ್ಮ, ಅಯ್ಯ, ಅವ್ವ ಸೇರಿಸಿದರೆ ಮನುಷ್ಯರ ಹೆಸರಾಯಿತು. ಕಲ್ಲಪ್ಪ, ಬಂಗಾರಪ್ಪ, ಹೊನ್ನಮ್ಮ, ಹೂವಮ್ಮ. ಆ ಬಾಲ ಕತ್ತರಿಸಿ ಬರೀ ಪದವನ್ನೇ ಹೆಸರಾಗಿ ಇಡುವ ಧೈರ್ಯ ಈಗಿನವರದು, ನೀವು ಆ ಧೈರ್ಯ ಒಮ್ಮೆ ತೋರಿಸಿ ಆಗಿದೆ. ಇನ್ನೂ ಒಂದು ಹೆಸರು ನನ್ನ ಮನಸ್ಸಿನಲ್ಲಿದೆ, ಹೇಳಲೋ ಬೇಡವೋ ಅನ್ನಿಸುತ್ತಿದೆ: ಸಿಂಗಾರ. ಅಡಿಕೆಯ ಹೂಗೊನೆ. ಕೆಲವರು ಹಿಂಗಾರ ಅನ್ನುತ್ತಾರೆ. ತೋಟದ ಮನೆಯವರಿಗೆ ಆ ಹೆಸರಿನಲ್ಲಿ ವರ್ಷದ ಫಸಲೇ ಇದೆ. ಗಂಡಿಗೂ ನಡೆಯುತ್ತೆ, ಹೆಣ್ಣಿಗೂ ನಡೆಯುತ್ತೆ. ಆದರೆ ತೋಟ ಗೊತ್ತಿಲ್ಲದವರಿಗೆ ಬರೀ ಅಲಂಕಾರ ಅನ್ನಿಸಿಬಿಡಬಹುದು.

ಗಂಡು, ಹೆಣ್ಣು ಎರಡಕ್ಕೂ ಹೆಸರು ಸಿದ್ಧ ಇಟ್ಟುಕೊಳ್ಳಲೇಬೇಕು. 1994ರ ಕಾಯ್ದೆ ಪ್ರಕಾರ ನಮ್ಮಲ್ಲಿ ಹುಟ್ಟುವ ಮೊದಲು ತಿಳಿದುಕೊಳ್ಳುವ ಹಾಗಿಲ್ಲ, ಆ ಕಾಯ್ದೆ ಯಾಕೆ ಬಂತು ಎನ್ನುವುದೂ ಗೊತ್ತಿರುವುದೇ.

ಅದೇ ಮಾತಿನ ಎಳೆ ಹಿಡಿದು ಒಂದು ವಿಷಯ ಹೇಳಬೇಕು. ಎರಡನೆಯ, ಮೂರನೆಯ ಮಗುವಿನ ಹೆಸರಿನಲ್ಲಿ ಮನೆಯವರ ಲೆಕ್ಕ ನುಸುಳುವುದು ಹಳೆಯ ಕಾಯಿಲೆ. ಸಾಲಾಗಿ ಹೆಣ್ಣು ಹುಟ್ಟಿದ ಕೆಲವು ಮನೆಗಳಲ್ಲಿ ಕೊನೆಯವಳಿಗೆ ಸಾಕಮ್ಮ ಎಂದಿಡುತ್ತಿದ್ದರು. ಸ್ವಾಮೀ, ಇನ್ನು ಸಾಕು ಅಂತ. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕುಶಾ', ಅಂದರೆ ಬೇಡವಾದವಳು, ಎನ್ನುವ ಹೆಸರು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಈಗಿನವರು ಹಾಗೆ ಇಡುವುದಿಲ್ಲ. ಆದರೆ 'ಸಂತೃಪ್ತಿ', 'ಸಂಪೂರ್ಣ' ಎಂದು ಇಡುವಾಗ ನಾನು ಒಮ್ಮೊಮ್ಮೆ ಅನುಮಾನದಿಂದ ನೋಡುತ್ತೇನೆ. ಚಿಕ್ಕಮಗಳೂರಿನ ಕಥೆ ಕೇಳಿದ್ದೀರಲ್ಲ? ರಾಜ ಕಿರಿಯ ಮಗಳಿಗೆ ಬಳುವಳಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯವಳಿಗೆ ಕೊಟ್ಟಿದ್ದು ಹಿರೇಮಗಳೂರು ಎನ್ನುತ್ತಾರೆ. ಇಬ್ಬರ ಹೆಸರೇನು ಅಂತ ಕೇಳಿ ನೋಡಿ. ಊರು ಉಳಿಯಿತು, ಹುಡುಗಿಯರು ಬರೀ ದೊಡ್ಡವಳು, ಚಿಕ್ಕವಳು ಆಗಿ ಉಳಿದರು. ಹಾಗಾಗಿ ನೀವು ಯಾವ ಹೆಸರು ಆರಿಸಿದರೂ ಒಮ್ಮೆ ಇಬ್ಬನಿಯನ್ನು ಪಕ್ಕಕ್ಕಿಟ್ಟು ಹೇಳಿ ನೋಡಿ. ಅಕ್ಕನೇ ಇಲ್ಲದಿದ್ದರೂ ಈ ಹೆಸರು ಇಡುತ್ತಿದ್ದಿರಾ? ಹೌದು ಅನ್ನಿಸಿದರೆ ಮುಂದುವರಿಯಿರಿ.

ಅತ್ತೆಯವರ ನಕ್ಷತ್ರದ ಮಾತು. ಇದರಲ್ಲಿ ಜಗಳಕ್ಕೆ ಜಾಗವೇ ಇಲ್ಲ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಯಾವುದು ಬರುತ್ತೆ ಎಂದು ಈಗ ಯಾರಿಗೂ ಗೊತ್ತಿಲ್ಲ. ಮಘೆಯ ಮೂರನೇ ಪಾದ ಬಂದರೆ 'ಮು', ಪುಷ್ಯದ ಮೂರನೇ ಪಾದವಾದರೆ 'ಹೊ', ಅತ್ತೆ ಸೊಸೆ ಇಬ್ಬರೂ ಗೆದ್ದ ಹಾಗೆ. ಅದೃಷ್ಟ ಕೆಟ್ಟು ಆರಿದ್ರೆಯ ಮೂರನೇ ಪಾದ ಬಂದರೆ 'ಙ', ಹಸ್ತದ ಮೂರನೇ ಪಾದವಾದರೆ 'ಣ'. ಆ ಅಕ್ಷರಗಳಿಂದ ಶುರುವಾಗುವ ಹೆಸರು ನಿಮ್ಮ ಪುರೋಹಿತರ ಹತ್ತಿರವೂ ಇರಲಾರದು. ಅವರೂ ಪಕ್ಕದ ಪಾದಕ್ಕೆ ಸರಿಯುತ್ತಾರೆ. ಹಿಂದಿನಿಂದಲೂ ಇದಕ್ಕೊಂದು ಅನುಕೂಲ ಇದೆ: ನಕ್ಷತ್ರದ ಹೆಸರು ಬೇರೆ, ಕರೆಯುವ ಹೆಸರು ಬೇರೆ. ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಎರಡನ್ನೂ ಬರೆಯಬಹುದು. ಅತ್ತೆಯವರು ಇಟ್ಟ ಜನ್ಮನಾಮ ದೇವಸ್ಥಾನದ ಅರ್ಚನೆಗೆ, ಸಂಕಲ್ಪಕ್ಕೆ. ಆ ಹೆಸರನ್ನು ಆರಿಸುವ ಕೆಲಸವನ್ನು ಈಗಲೇ ಅವರಿಗೇ ಪೂರ್ತಿ ಬಿಟ್ಟುಕೊಡಿ, 'ನೀವೇ ಇಡಬೇಕು ಅತ್ತೆ' ಎಂದು ಹೇಳಿ. ನನ್ನ ಅನುಭವದಲ್ಲಿ ಅರ್ಧ ಜಗಳ ಕೇಳದೇ ಇದ್ದಿದ್ದಕ್ಕೆ ಆಗಿರುತ್ತೆ, ಅಕ್ಷರಕ್ಕಲ್ಲ.

ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ದಿನ ಯಾರೋ ಫಾರ್ಮ್ ಹಿಡಿದು 'ಹೆಸರು ಬೇಗ ಹೇಳಿ' ಎಂದರೆ ಗಾಬರಿಯಾಗಬೇಡಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದು ಬೇರೆ. ಹೆಸರಿಲ್ಲದೆಯೂ ನೋಂದಣಿ ಆಗುತ್ತೆ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಸೇರಿಸುವಾಗ ಸ್ಪೆಲಿಂಗ್ ಮೂರು ಸಲ ನೋಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್, ಮದುವೆ ನೋಂದಣಿ ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಎಂದರೆ ಆ ಜನನ ಪ್ರಮಾಣಪತ್ರವೇ. ಇಬ್ಬನಿಯ ಹೆಸರಿನ ಹಿಂದೆ ಏನು ಹಾಕಿದ್ದೀರೋ, ಇನಿಷಿಯಲ್ಲೋ, ತಂದೆಯ ಪೂರ್ತಿ ಹೆಸರೋ, ಅದನ್ನೇ ಎರಡನೆಯದಕ್ಕೂ ಹಾಕಿ. ಒಬ್ಬಳಿಗೆ ಊರಿನ ಹೆಸರು, ಇನ್ನೊಬ್ಬರಿಗೆ ಅಪ್ಪನ ಹೆಸರು ಆದರೆ ಮುಂದೆ ವೀಸಾ ಕೌಂಟರಿನಲ್ಲಿ ಒಡಹುಟ್ಟಿದವರು ಎಂದು ನಂಬಿಸುವುದೇ ಕೆಲಸವಾಗುತ್ತೆ. ಬರೀ ಒಂದೇ ಹೆಸರು ಇಟ್ಟು ಬಿಟ್ಟರೂ ಕಷ್ಟ. ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರುತ್ತೆ, ಮೊದಲ ಹೆಸರು ಗೊತ್ತಿಲ್ಲ ಅಂತ. ಅಷ್ಟು ಹುಡುಕಿ ಇಟ್ಟ ಹೆಸರಿಗೆ ಆ ಗತಿ ಬೇಡ.

ಅರ್ಥ ನೋಡಲು ನೆಟ್‌ನ ಹೆಸರುಪಟ್ಟಿಗಳನ್ನು ನಂಬಬೇಡಿ. ಕಿಟೆಲ್ ಅವರ 1894ರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ಇವುಗಳಲ್ಲಿ ಒಂದನ್ನಾದರೂ ತೆರೆದು ಎಲ್ಲ ಅರ್ಥಗಳನ್ನೂ ಓದಿ. ನಮ್ಮ ಪದಗಳಿಗೆ ಮೂರನೆಯ, ನಾಲ್ಕನೆಯ ಅರ್ಥದಲ್ಲಿ ಏನಾದರೊಂದು ಕೂತಿರುತ್ತೆ. ಮೊಬೈಲಿನಲ್ಲೇ ಬೇಕೆಂದರೆ 'ಅಲರ್' ಎನ್ನುವ ಆನ್‌ಲೈನ್ ನಿಘಂಟಿದೆ. ಅಲರ್ ಎಂದರೆ ಅರಳು, ಹೂವು. ಅದೂ ಒಳ್ಳೆಯ ಹೆಸರೇ ಅಂತ ಈಗ ಹೊಳೆಯಿತು. ಬೇಡ, ಇನ್ನೊಂದು ಸೇರಿಸಿದರೆ ನೀವು ನಿದ್ದೆ ಮಾಡುವುದಿಲ್ಲ.

ಎರಡು ಹೆಸರಿಗೆ ಬಂದು ನಿಂತ ಮೇಲೆ ಹೀಗೆ ಮಾಡಿ. ಅಡುಗೆಮನೆಯಲ್ಲಿ ನಿಂತು, ಕುಕ್ಕರ್ ಕೂಗುವಾಗ, ಎರಡೂ ಮಕ್ಕಳನ್ನು ಕರೆಯುವ ಹಾಗೆ ಜೋರಾಗಿ ಕೂಗಿ ನೋಡಿ. 'ಇಬ್ಬನೀ... ಹೊನಲೂ...' ಕೊನೆಯ ಅಕ್ಷರ ಎಳೆಯಲು ಬರುತ್ತಾ? ಎಳೆಯಲು ಬಾರದ ಹೆಸರು ಮನೆಯಲ್ಲಿ ಬಾಳುವುದಿಲ್ಲ. ಆಮೇಲೆ ಯಾರಾದರೂ ಕನ್ನಡ ಬಾರದ ಸ್ನೇಹಿತರಿಗೆ ಇಂಗ್ಲಿಷಿನಲ್ಲಿ ಬರೆದು ತೋರಿಸಿ, ಏನೂ ಹೇಳದೆ ಓದಿಸಿ. ಕೊನೆಗೆ ಇಬ್ಬನಿಯ ಹತ್ತಿರ ಹೇಳಿಸಿ. ಆರಿಸುವ ಜವಾಬ್ದಾರಿ ಅವಳಿಗೆ ಕೊಡಬೇಡಿ, ಕೊಟ್ಟರೆ ಯಾವುದೋ ಕಾರ್ಟೂನಿನ ಹೆಸರು ಬರುತ್ತೆ. ಸುಮ್ನೆ ಹೇಳಿಸಿ ಅಷ್ಟೆ. ಆ ಹೆಸರನ್ನು ಎಲ್ಲರಿಗಿಂತ ಜಾಸ್ತಿ ಸಲ ಕೂಗುವವಳು ಅವಳೇ. ಅವಳ ಬಾಯಲ್ಲಿ ಹೊನಲು ಹೋಗಿ ಹೊನ್ನಲು, ಒನಲು ಏನಾದರೂ ಆದರೆ ಅದನ್ನು ತಿದ್ದಬೇಡಿ, ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಕರೆಯುವ ಹೆಸರು ಅಲ್ಲೇ ಸಿಗಬಹುದು.